ಜಿಯಾಗ್ರಫಿ ಓದಿದ್ರೆ ಟೀಚರ್ ಕೆಲಸ ಒಂದೇನಾ?

ಸಂಪಾದಕರೇ,

ಡಿಗ್ರಿ ಕೋರ್ಸ್‌ಗಳ ಬಗ್ಗೆ ನೀವು ಹಾಕಿದ್ದ ಪುಟದಲ್ಲಿ ಜಿಯಾಗ್ರಫಿಗೆ ಸಿಕ್ಕಿದ್ದು ಒಂದೇ ಸಾಲು, ಟೀಚರ್ ಆಗಬಹುದು ಅಂತ. ಆಗಬಹುದು, ಒಳ್ಳೆ ಕೆಲಸಾನೇ, ಆದ್ರೆ ಅಲ್ಲಿಗೇ ಫುಲ್‌ಸ್ಟಾಪ್ ಇಟ್ಟಿದ್ದು ಸರಿ ಅನ್ನಿಸ್ಲಿಲ್ಲ.

ರಾಜಧಾನಿ, ನದಿ ಹೆಸರು ಬಾಯಿಪಾಠ ಮಾಡೋದೆಲ್ಲ ಸ್ಕೂಲಿಗೇ ಮುಗೀತು. ಯೂನಿವರ್ಸಿಟೀಲಿ ಕೇಳೋ ಪ್ರಶ್ನೆನೇ ಬೇರೆ, ಇದು ಇಲ್ಲೇ ಯಾಕಾಯ್ತು, ಪಕ್ಕದಲ್ಲಿ ಯಾಕಾಗ್ಲಿಲ್ಲ ಅಂತ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಅನ್ನೋ ಡಾಕ್ಟರು ಸತ್ತವರ ಮನೆಗಳನ್ನ ಮ್ಯಾಪ್ ಮೇಲೆ ಗುರುತು ಹಾಕಿದ್ರು, ನೋಡಿದ್ರೆ ಬಹುಪಾಲು ಗುರುತು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪ್ ಸುತ್ತಾನೇ, ಅಂದ್ರೆ ರೋಗ ಬಂದಿದ್ದು ನೀರಿನಿಂದ, ಅದೂ ಕೆಟ್ಟ ಗಾಳಿಯಿಂದ ರೋಗ ಬರುತ್ತೆ ಅಂತ ಹೆಚ್ಚಿನವರು ನಂಬಿದ್ದ ಕಾಲದಲ್ಲಿ. ಅವರೇನೂ ಜಿಯಾಗ್ರಫಿ ಓದಿದವರಲ್ಲ ಬಿಡಿ, ಆದ್ರೆ ಇವತ್ತು ರೋಗ ಎಲ್ಲಿಂದ ಎಲ್ಲಿಗೆ ಹರಡ್ತಿದೆ ಅಂತ ಹುಡುಕೋ ಟೀಮ್‌ಗಳಲ್ಲಿ ಜಿಯಾಗ್ರಫಿಯವರು ಇರ್ತಾರೆ.

ಮ್ಯಾಪನ್ನೂ ಆಯಾ ಜಾಗದ ಮಾಹಿತಿಯನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ನೋಡೋ ಜಿಐಎಸ್ ಹುಟ್ಟಿದ್ದೂ ಹೀಗೇ, 1960ರ ದಶಕದಲ್ಲಿ ರೋಜರ್ ಟಾಮ್ಲಿನ್ಸನ್ ಅನ್ನೋ ಜಿಯಾಗ್ರಫರ್ ಕೆನಡಾದ ಭೂಬಳಕೆ ಲೆಕ್ಕ ಹಾಕೋಕೆ ಮ್ಯಾಪ್‌ಗಳನ್ನ ಕಂಪ್ಯೂಟರಿಗೆ ಹತ್ತಿಸಿದ್ರು. ಈಗ ನೆರೆ ಬರೋ ಜಾಗ ಗುರುತಿಸೋದು, ಬಸ್ ರೂಟ್, ಇನ್ಶೂರೆನ್ಸ್ ರಿಸ್ಕ್, ಹೊಸ ಅಂಗಡಿ ಎಲ್ಲಿ ತೆಗೀಬೇಕು ಅನ್ನೋದು, ಎಲ್ಲಕ್ಕೂ ಅದು ಬೇಕು. ತೊಂದರೆ ಏನಂದ್ರೆ ಜಾಬ್ ಆ್ಯಡ್‌ಗಳಲ್ಲಿ ಜಿಯಾಗ್ರಫರ್ ಅನ್ನೋ ಪದ ಅಪರೂಪ, ಜಿಐಎಸ್ ಅನಲಿಸ್ಟ್, ಅರ್ಬನ್ ಪ್ಲಾನರ್, ರಿಮೋಟ್ ಸೆನ್ಸಿಂಗ್ (ಉಪಗ್ರಹ ಚಿತ್ರ ನೋಡಿ ನೆಲದ ಮಾಹಿತಿ ತೆಗೆಯೋದು) ಅಂತ ಇರುತ್ತೆ, ಹಂಗಾಗಿ ಅಪ್ಪ ಅಮ್ಮ ಹುಡುಕಿದ್ರೆ ಏನೂ ಸಿಗಲ್ಲ, ಸ್ಕೋಪ್ ಇಲ್ಲ ಅಂದ್ಬಿಡ್ತಾರೆ.

ಹಾಗಂತ ಬರೀ ಸರ್ಟಿಫಿಕೇಟ್ ಇಟ್ಕೊಂಡು ಹೋದ್ರೆ ಕೆಲಸ ಕಷ್ಟಾನೇ, ಸ್ಟಾಟಿಸ್ಟಿಕ್ಸ್ ಬೇಕು, ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಬಂದ್ರೆ ಇನ್ನೂ ಒಳ್ಳೇದು. ದುಡ್ಡಿಲ್ಲ ಅನ್ನೋ ನೆಪಾನೂ ಉಳಿದಿಲ್ಲ, ಕ್ಯೂಜಿಐಎಸ್ ಅನ್ನೋ ಜಿಐಎಸ್ ಸಾಫ್ಟ್‌ವೇರ್ ಫ್ರೀ, 1972ರಿಂದ ತೆಗೀತಾ ಬಂದಿರೋ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳೂ 2008ರಿಂದ ಫ್ರೀ. ಆದ್ರೆ ಸಾಫ್ಟ್‌ವೇರ್ ಕಲಿತ ಮಾತ್ರಕ್ಕೆ ಜಿಯಾಗ್ರಫಿ ಬಂತು ಅನ್ಕೋಬೇಡಿ, ಮ್ಯಾಪಿಗೆ ಬಣ್ಣ ತುಂಬೋದು ಯಾರು ಬೇಕಾದ್ರೂ ಕಲೀತಾರೆ, ನೆರೆ ಬರೋ ಕಡೆ ಬಡವರೇ ಯಾಕೆ ಜಾಸ್ತಿ ವಾಸ ಮಾಡ್ತಾರೆ ಅಂತ ಕೇಳೋಕೆ ಬಾಡಿಗೆ, ಮಣ್ಣು, ರಾಜಕೀಯ ಎಲ್ಲ ಗೊತ್ತಿರಬೇಕಲ್ವಾ.

ಮುಂದಿನ ಸಲ ಈ ಪುಟ ಮಾಡುವಾಗ ಇದನ್ನೂ ಸೇರಿಸಿ. ಮತ್ತೆ ಅಡ್ಮಿಶನ್ ಆಗೋ ಮಕ್ಕಳಿಗೆ ಸಿಲಬಸ್‌ನಲ್ಲಿ ಜಿಐಎಸ್ ಲ್ಯಾಬ್, ಫೀಲ್ಡ್ ವರ್ಕ್ ಎರಡೂ ಇದೆಯಾ ಅಂತ ಮೊದ್ಲೇ ಕೇಳ್ಕೊಳ್ಳೋಕೆ ಹೇಳಿ.

ಇತಿ,
ಒಬ್ಬ ಓದುಗ