ರವಿವಾರದ ಕೋಳಿ, ವಾರದ ಲೆಕ್ಕ

ಮಾನ್ಯ ಸಂಪಾದಕರೇ,

ಮಾಂಸಾಹಾರ ಎಷ್ಟಿರಬೇಕು, ಪ್ರೊಟೀನ್‌ಗೆ ಅದು ಬೇಕೇ ಬೇಕೇ ಎಂಬ ಬಗ್ಗೆ ತಮ್ಮ ಓದುಗರ ಅಂಕಣದಲ್ಲಿ ನಡೆದಿರುವ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಮಾಂಸವಿಲ್ಲದೆ ಮೈಗೆ ಬಲವಿಲ್ಲ ಎಂದು ಕೆಲವರು, ಬೇಳೆಯೊಂದಿದ್ದರೆ ಸಾಕು ಎಂದು ಕೆಲವರು ವಾದಿಸಿದ್ದಾರೆ. ಆದರೆ ಯಾರಿಗೆ, ದಿನಕ್ಕೆ ಎಷ್ಟು ಎಂಬ ಲೆಕ್ಕವನ್ನು ಇಬ್ಬರೂ ಕೊಟ್ಟಿಲ್ಲ. ಮುಂಬಯಿಯ ನಮ್ಮ ಕನ್ನಡಿಗರ ಮನೆಗಳ ಮಟ್ಟಿಗೆ ಹೇಳುವುದಾದರೆ, ಮಾಂಸವಾಗಲಿ ಕಾಳಾಗಲಿ ವಾರದ ಯಾವ ದಿನ, ಯಾರ ತಟ್ಟೆಗೆ ಬೀಳುತ್ತದೆ ಎಂಬುದೇ ಮುಖ್ಯ ಪ್ರಶ್ನೆ ಎಂದು ನನಗೆ ತೋರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪ್ರಮಾಣದಂತೆ, ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. 65 ಕಿಲೋ ತೂಗುವ ಗಂಡಸಿಗೆ ಇದು 54 ಗ್ರಾಂ, 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ ಆಗುತ್ತದೆ. ವ್ಯಾಯಾಮಶಾಲೆಗಳ ಗೋಡೆಯ ಮೇಲೆ ಅಂಟಿಸಿದ ಅಂಕಿಗಳ ಮುಂದೆ ಇದು ಅಲ್ಪವೆಂದು ಕಂಡೀತು. ಆದರೆ ನಮ್ಮ ಅನೇಕ ಹೆಣ್ಣುಮಕ್ಕಳ ದಿನದ ಊಟ ಇಷ್ಟನ್ನೂ ಮುಟ್ಟುವುದಿಲ್ಲ.

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಕೋಟೆ ಪ್ರದೇಶದ ಕಚೇರಿಗೆ ಹೋಗುವ ಗೃಹಿಣಿಯೊಬ್ಬರ ಒಂದು ದಿನವನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ ಎರಡು ಇಡ್ಲಿ, ಚಟ್ನಿ. ಮಧ್ಯಾಹ್ನದ ಡಬ್ಬಿಯಲ್ಲಿ ಅನ್ನ, ತಿಳಿಸಾರು, ಒಂದಿಷ್ಟು ಪಲ್ಯ. ಎರಡು ಹೊತ್ತು ಚಹಾ. ರಾತ್ರಿ ಎರಡು ಚಪಾತಿ, ತರಕಾರಿ, ಎರಡು ಚಮಚ ಮೊಸರು. ಹೊಟ್ಟೆ ತುಂಬುತ್ತದೆ, ಆದರೆ ಇದೆಲ್ಲ ಸೇರಿ ಪ್ರೊಟೀನ್ 30 ಗ್ರಾಂ ಆದರೆ ಹೆಚ್ಚು, ಅದರಲ್ಲಿಯೂ ದೊಡ್ಡ ಪಾಲು ಅಕ್ಕಿ ಮತ್ತು ಗೋಧಿಯದು. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೊಟೀನನ್ನು ಕಟ್ಟುವ ಘಟಕಗಳಲ್ಲೊಂದು) ಕಡಿಮೆ ಇದ್ದು, ಅದನ್ನು ತುಂಬಿಕೊಡುವ ಬೇಳೆಕಾಳು ಈ ಊಟದಲ್ಲಿ ಹೆಸರಿಗಷ್ಟೇ ಇದೆ. ಬೇಳೆ ಸಾಕು ಎನ್ನುವವರು ಬೇಳೆ ಬೇಯಿಸಿದ ನೀರನ್ನು ಬೇಳೆಯೆಂದು ಎಣಿಸುತ್ತಿಲ್ಲವೇ ಎಂದು ಒಮ್ಮೆ ನೋಡಿಕೊಳ್ಳಬೇಕು. (ನಮ್ಮ ಕೆಲವು ಹೋಟೆಲುಗಳ ಸಾಂಬಾರಿನಲ್ಲಿ ಬೇಳೆಗಿಂತ ಕುಂಬಳಕಾಯಿಯೇ ಹೆಚ್ಚು ಸಿಗುವುದನ್ನು ಬಲ್ಲವರು ಬಲ್ಲರು.) ಹುರುಳಿ ಸಾರಿನದೂ ಇದೇ ಕತೆ: ಕಟ್ಟಿನ ರುಚಿಗೆ ಎಲ್ಲರೂ ಸೋಲುತ್ತಾರೆ, ಪ್ರೊಟೀನಿನ ಹೆಚ್ಚಿನ ಪಾಲು ಬಸಿದಿಟ್ಟ ಕಾಳಿನಲ್ಲಿ ಉಳಿದಿರುತ್ತದೆ.

ಈ ಕೊರತೆಗೆ ರವಿವಾರವೇ ಪರಿಹಾರವೆಂಬ ನಂಬಿಕೆ ಮಾಂಸಾಹಾರಿ ಮನೆಗಳಲ್ಲಿ ಬಲವಾಗಿದೆ. ಆರು ದಿನ ಅನ್ನ ಸಾರಿನಲ್ಲಿ ಕಳೆದು, ಏಳನೆಯ ದಿನ ಕೋಳಿ ಅಂಗಡಿಯ ಮುಂದೆ ಸಾಲು ನಿಂತು, ಕೋರಿ ರೊಟ್ಟಿಯ ಜೊತೆ ಒಬ್ಬೊಬ್ಬರು ಅರ್ಧ ಕಿಲೋದಷ್ಟು ಮಾಂಸವನ್ನು ಒಂದೇ ಹೊತ್ತಿಗೆ ಮುಗಿಸುವುದು ನಮ್ಮಲ್ಲಿ ಅಪರೂಪವಲ್ಲ. ಆದರೆ ಹೆಚ್ಚಾದ ಕೊಬ್ಬನ್ನು ಕೂಡಿಡುವಂತೆ ಪ್ರೊಟೀನನ್ನು ಮುಂದಿನ ದಿನಗಳಿಗೆಂದು ತುಂಬಿಡುವ ಕಣಜ ದೇಹದಲ್ಲಿಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ಬಂದ ಅಮೈನೋ ಆಮ್ಲಗಳ ಸಾರಜನಕವನ್ನು ಯಕೃತ್ತು ಯೂರಿಯಾ ಆಗಿ ಮಾರ್ಪಡಿಸುತ್ತದೆ, ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಉಳಿದ ಭಾಗ ಶಕ್ತಿಯಾಗಿ ಉರಿಯುತ್ತದೆ ಇಲ್ಲವೇ ಕೊಬ್ಬಾಗುತ್ತದೆ. ಗುರುವಾರದ ಕೊರತೆಯನ್ನು ರವಿವಾರದ ಕೋಳಿ ತುಂಬಿಕೊಡಲಾರದು. ಅದೇ ಮಾಂಸವನ್ನು ನಾಲ್ಕು ದಿನಕ್ಕೆ ಹಂಚಿ, ಹೊತ್ತಿಗೆ ಎರಡೋ ಮೂರೋ ತುಂಡಿನಂತೆ ತಿಂದರೆ ಖರ್ಚು ಹೆಚ್ಚುವುದಿಲ್ಲ, ಪ್ರಯೋಜನ ಖಂಡಿತ ಹೆಚ್ಚುತ್ತದೆ.

ಹಂಚಿಕೆ ಮನೆಯೊಳಗೂ ಆಗಬೇಕು. ಬಡಿಸುವವರು ಕೊನೆಗೆ ಉಣ್ಣುವ ಮನೆಗಳಲ್ಲಿ ಅವರ ಪಾಲಿಗೆ ಬರುವುದು ಗಸಿ ಮಾತ್ರ. ಮಾಂಸ ಮತ್ತು ಮೀನಿನಲ್ಲಿರುವ ಕಬ್ಬಿಣಾಂಶವು ಸಸ್ಯಾಹಾರದ್ದಕ್ಕಿಂತ ಸುಲಭವಾಗಿ ದೇಹಕ್ಕೆ ಹತ್ತುತ್ತದೆ. ವಿಟಮಿನ್ ಬಿ12 ಕೂಡ ಅವುಗಳಲ್ಲಿ ಸಮೃದ್ಧವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮಹಾರಾಷ್ಟ್ರದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ತುಂಡುಗಳು ಮೊದಲು ಯಾರ ತಟ್ಟೆಗೆ ಹೋಗಬೇಕೆಂದು ನಾನು ಬೇರೆ ಹೇಳಬೇಕಾಗಿಲ್ಲ. ಗರ್ಭಿಣಿಯರಿಗಂತೂ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಇನ್ನೂ 22 ಗ್ರಾಂ ಪ್ರೊಟೀನ್ ಹೆಚ್ಚಾಗಿ ಬೇಕೆಂದು ಅದೇ 2020ರ ಪರಿಷ್ಕರಣೆ ಹೇಳುತ್ತದೆ.

ಹಾಗೆಂದು ಮಾಂಸ ತಿನ್ನದವರು ಕಂಗೆಡಬೇಕಾಗಿಲ್ಲ. ಮೇಲೆ ಹೇಳಿದ ಗೃಹಿಣಿಯ ಊಟಕ್ಕೆ ಒಂದು ಲೋಟ ಹಾಲು, ಒಂದು ಬಟ್ಟಲು ಮೊಳಕೆ ಬರಿಸಿದ ಹೆಸರುಕಾಳಿನ ಉಸಲ್ ಮತ್ತು ಒಂದು ಹಿಡಿ ಶೇಂಗಾ ಸೇರಿಸಿದರೆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಮಟಕಿ (ಮಡಕೆ ಕಾಳು), ಚವಳಿ (ಅಲಸಂದೆ), ಹೆಸರು ಯಾವುದೂ ಇಲ್ಲಿನ ಕಿರಾಣಿ ಅಂಗಡಿಯಲ್ಲಿ ದುರ್ಲಭವಲ್ಲ, ಮಿಸಳ್ ಪಾವ್ ತಿಂದು ಬೆಳೆದ ನಮ್ಮ ಮಕ್ಕಳಿಗೆ ಅವುಗಳ ರುಚಿಯೂ ಹೊಸದಲ್ಲ. ಮೀನು ತಿನ್ನುವವರಿಗೆ ಮುಳ್ಳು ತೆಗೆದ 100 ಗ್ರಾಂ ಬಂಗುಡೆಯಿಂದ 19 ಗ್ರಾಂನಷ್ಟು ಪ್ರೊಟೀನ್ ಸಿಗುತ್ತದೆ. ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧ, ಅದರ ಬೆನ್ನಿಗೇ ಬರುವ ಶ್ರಾವಣ, ಈ ಅವಧಿಯಲ್ಲಿ ಕಾಳುಗಳ ಪ್ರಮಾಣ ಹೆಚ್ಚಿಸಿಕೊಳ್ಳುವುದನ್ನು ಅವರೂ ಮರೆಯಬಾರದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಹಳದಿಯನ್ನು ಬಿಸಾಡಿ ಬಿಳಿಯನ್ನು ಮಾತ್ರ ತಿನ್ನುವ ತರುಣರು ಆ ಪ್ರೊಟೀನಿನ ಸುಮಾರು ಐದರಲ್ಲಿ ಎರಡು ಪಾಲನ್ನು ಕಸದ ಬುಟ್ಟಿಗೆ ಹಾಕುತ್ತಾರೆ.

ಈ ತರುಣರೇ ಸಾವಿರಾರು ರೂಪಾಯಿ ತೆತ್ತು ಪ್ರೊಟೀನ್ ಪುಡಿಯ ಡಬ್ಬಿಗಳನ್ನು ಮನೆಗೆ ತರುತ್ತಾರೆ. ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ಮೈಕಟ್ಟಿಗಾಗಿ ಇಂಥ ಪುಡಿಗಳನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದ್ದು, ಅವುಗಳಲ್ಲಿ ಸಕ್ಕರೆ, ಕೃತಕ ಸಿಹಿ ಮತ್ತು ಸುವಾಸನೆಗಳು ಇರಬಹುದೆಂದು ಎಚ್ಚರಿಸಿದೆ.

ಮಾಂಸಕ್ಕೂ ಮೇಲ್ಮಿತಿ ಉಂಟು. ಮಟನ್ ಆದಿಯಾಗಿ ಕೆಂಪು ಮಾಂಸವನ್ನು ವಾರಕ್ಕೆ ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಂ ಮೀರಬಾರದೆಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಸಲಹೆ ಮಾಡಿದೆ. ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸವು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2015ರಲ್ಲೇ ಘೋಷಿಸಿದೆ. ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರಿನ ಸಾಧ್ಯತೆ ಶೇ. 18ರಷ್ಟು ಏರುತ್ತದೆಂಬುದು ಅದರ ಅಂದಾಜು. ಮಕ್ಕಳ ಡಬ್ಬಿಗೆ ಸುಲಭವೆಂದು ಇವನ್ನು ದಿನವೂ ತುಂಬಿಸುವ ಪೋಷಕರು ಇದನ್ನು ಗಮನಿಸಬೇಕು.

ವೃದ್ಧರ ವಿಷಯ ಬೇರೆಯೇ. ವಯಸ್ಸಾದಂತೆ ಸ್ನಾಯುಗಳು ಕರಗುವುದರಿಂದ ಅವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು ಅನೇಕ ತಜ್ಞರ ಅಭಿಪ್ರಾಯ; ಆದರೆ ನಮ್ಮ ಮನೆಗಳಲ್ಲಿ ಹಿರಿಯರ ರಾತ್ರಿಯೂಟ ಗಂಜಿ ಉಪ್ಪಿನಕಾಯಿಗೆ ಇಳಿಯುವುದು ಇದೇ ವಯಸ್ಸಿನಲ್ಲಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಈ ಯಾವ ಅಂಕಿಯನ್ನೂ ಅನುಸರಿಸದೆ ವೈದ್ಯರು ಹೇಳಿದ ಮಿತಿಯಲ್ಲಿಯೇ ಇರಬೇಕು.

ಮುಂಬಯಿ, ಠಾಣೆ, ಡೊಂಬಿವಲಿಗಳ ನಮ್ಮ ಸಂಘಸಂಸ್ಥೆಗಳು ವರ್ಷವೂ ಆರೋಗ್ಯ ಶಿಬಿರ ನಡೆಸಿ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿ ಕಳುಹಿಸುತ್ತವೆ. ಹಿಂದಿನ ದಿನ ಏನು ಉಂಡಿರಿ ಎಂದು ಕೇಳುವವರು ಅಲ್ಲಿ ಇರುವುದಿಲ್ಲ. ಮುಂದಿನ ಶಿಬಿರಗಳಲ್ಲಿ ಕನ್ನಡ ಬಲ್ಲ ಆಹಾರತಜ್ಞರೊಬ್ಬರನ್ನು ಕೂರಿಸಿ, ಅವರ ಮುಂದೆ ಅಡುಗೆಮನೆಯ ಒಂದು ತೂಕದ ಯಂತ್ರವನ್ನಿಟ್ಟು, ಬಂದ ಮಹಿಳೆಯರಿಗೆ ತಮ್ಮ ದಿನದ ಪಾಲಿನ ಕಾಳು, ಮೀನು, ಮಾಂಸ ಎಷ್ಟೆಂಬುದನ್ನು ಕಣ್ಣಾರೆ ತೋರಿಸುವ ಏರ್ಪಾಡು ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಆ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಇತಿ,
ಓರ್ವ ನಿವೃತ್ತ ಶಿಕ್ಷಕಿ, ಡೊಂಬಿವಲಿ ಪೂರ್ವ