ಮತಯಂತ್ರ, ಸಂಶಯ ಮತ್ತು ನಿಷ್ಠೆ: ಗೆಳೆಯನಿಗೊಂದು ಪತ್ರ

ಆತ್ಮೀಯ ಗೆಳೆಯ ಶ್ರೀಧರನಿಗೆ ವಂದನೆಗಳು.

ಮತಯಂತ್ರದ ವಿಷಯವಾಗಿ ನೀನು ಪ್ರಕಾಶನಿಗೆ ಬರೆದ ದೀರ್ಘ ಉತ್ತರವನ್ನು ಅವನು ನನಗೂ ಓದಲು ಕೊಟ್ಟ. ಇವಿಎಂ ಅನ್ನು ಸಂಶಯಿಸುವುದೆಂದರೆ ಅದನ್ನು ರೂಪಿಸಿದ ನಮ್ಮ ಎಂಜಿನಿಯರುಗಳನ್ನು ಅವಮಾನಿಸಿದಂತೆ, ಅಂಥ ಸಂಶಯ ವಿಜ್ಞಾನಕ್ಕೇ ವಿರುದ್ಧ, ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲಂತೂ ಚರ್ಚೆಗೆ ಜಾಗವೇ ಇಲ್ಲ ಎಂದು ನೀನು ಖಡಾಖಂಡಿತವಾಗಿ ಬರೆದಿದ್ದೀಯ. ಪ್ರಕಾಶನಾದರೋ, ತನ್ನ ಪಕ್ಷ ಸೋತ ಕಡೆಯಲ್ಲೆಲ್ಲ ಯಂತ್ರವೇ ಸೋಲಿಸಿತೆಂದು ನಂಬಿ ಕುಳಿತಿದ್ದಾನೆ. ನಾನು ಯಾರ ಪರ ಎಂದು ಇಬ್ಬರೂ ಕೇಳುತ್ತಿದ್ದೀರಿ. ಈ ವಿಷಯದಲ್ಲಿ ಪರ ವಹಿಸುವುದೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಂತ್ರ ತಪ್ಪಿದರೆ ಅದು ತಪ್ಪಿದೆ ಎಂದು ಮತದಾರನಿಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ನೀವಿಬ್ಬರೂ ಬಿಟ್ಟಿದ್ದೀರಿ. ನಾನು ಬರೆಯಲು ಹೊರಟಿರುವುದು ಅದರ ಬಗ್ಗೆ.

ಮೊದಲು ನಿನ್ನ ಅಭಿಮಾನದ ಮಾತು. ನಿನ್ನ ತಂದೆಯವರು ಜಾಲಹಳ್ಳಿಯ ಬಿಇಎಲ್‌ನಲ್ಲಿ ದುಡಿದವರು. ದೇಶದ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಅದು ಒಂದು, ಇನ್ನೊಂದು ಹೈದರಾಬಾದಿನ ಇಸಿಐಎಲ್. ಆ ಯಂತ್ರ ಅಭಿಮಾನಕ್ಕೆ ಯೋಗ್ಯವಾದದ್ದೇ. ಅದಕ್ಕೆ ಇಂಟರ್ನೆಟ್ ಸಂಪರ್ಕವಿಲ್ಲ; ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮತ ದಾಖಲಿಸುವುದಿಲ್ಲವಾದ್ದರಿಂದ ಮತಗಟ್ಟೆಗೆ ನುಗ್ಗಿದವರು ಹಿಂದಿನಂತೆ ಕಂತೆಗಟ್ಟಲೆ ಮತಪತ್ರಗಳಿಗೆ ಮುದ್ರೆ ಒತ್ತಿ ಪೆಟ್ಟಿಗೆಗೆ ತುರುಕಿ ಹೋಗುವುದು ಸಾಧ್ಯವಿಲ್ಲ; ಮತದಾನ ಆರಂಭವಾಗುವ ಮೊದಲು ಏಜೆಂಟರ ಎದುರಿನಲ್ಲೇ ಕನಿಷ್ಠ 50 ಮತಗಳ ಅಣಕು ಮತದಾನ ನಡೆಯುತ್ತದೆ. ಯಾವ ಯಂತ್ರ ಯಾವ ಮತಗಟ್ಟೆಗೆ ಹೋಗುತ್ತದೆಂಬುದನ್ನು ಎರಡು ಹಂತಗಳಲ್ಲಿ ಯಾದೃಚ್ಛಿಕವಾಗಿ ನಿರ್ಧರಿಸುತ್ತಾರೆ. ಇವೆಲ್ಲ ನಿಜವಾದ ರಕ್ಷಣೆಗಳು. ಆದರೆ ತಯಾರಿಸಿದವರ ಪ್ರಾಮಾಣಿಕತೆಯನ್ನು ಯಂತ್ರದ ನಿಖರತೆಗೆ ಸಾಕ್ಷಿಯಾಗಿ ಮುಂದಿಟ್ಟಾಗ, ಪರಿಶೀಲನೆ ಕೇಳಿದವನು ಅವರ ವಿರೋಧಿಯಂತೆ ಕಾಣಿಸತೊಡಗುತ್ತಾನೆ. ತಾನು ಮಾಡಿದ್ದನ್ನು ಬೇರೆಯವರಿಂದ ಪರೀಕ್ಷಿಸಿಕೊಳ್ಳುವುದನ್ನು ಒಳ್ಳೆಯ ಎಂಜಿನಿಯರ್ ಎಂದಿಗೂ ಅವಮಾನವೆಂದು ಭಾವಿಸುವುದಿಲ್ಲ ಎಂಬುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಈ ಪಕ್ಷಪಾತದ ರೋಗ ಯಂತ್ರದಷ್ಟೇ ಹಳೆಯದು. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಬಾರಿಗೆ ಇವಿಎಂ ಬಳಸಿದರು. ಮತದಾನಕ್ಕೆ ಮುಂಚೆ ಯಂತ್ರವನ್ನು ವಿರೋಧಿಸಿ ಹೈಕೋರ್ಟಿಗೆ ಹೋಗಿದ್ದವರು ಸಿಪಿಐ ಅಭ್ಯರ್ಥಿ ಶಿವನ್ ಪಿಳ್ಳೈ. ಅವರೇ 123 ಮತಗಳಿಂದ ಗೆದ್ದಾಗ, ಯಂತ್ರವನ್ನು ಪ್ರಶ್ನಿಸುವ ಸರದಿ ಸೋತ ಕಾಂಗ್ರೆಸ್ ಅಭ್ಯರ್ಥಿ ಎ. ಸಿ. ಜೋಸ್ ಅವರದಾಯಿತು. 1984ರಲ್ಲಿ ಸುಪ್ರೀಂ ಕೋರ್ಟ್ ಆ 50 ಮತಗಟ್ಟೆಗಳ ಮತದಾನವನ್ನು ರದ್ದುಪಡಿಸಿತು, ಮರುಮತದಾನದಲ್ಲಿ ಜೋಸ್ ಗೆದ್ದರು. ಗಮನಿಸಬೇಕಾದದ್ದೇನೆಂದರೆ, ನ್ಯಾಯಾಲಯ ಯಂತ್ರ ಮೋಸ ಮಾಡಿದೆ ಎಂದು ಹೇಳಲಿಲ್ಲ. ಆಗಿನ ಕಾನೂನಿನಲ್ಲಿ ಯಂತ್ರದ ಮೂಲಕ ಮತ ಪಡೆಯಲು ಅವಕಾಶವೇ ಇಲ್ಲ ಎಂದಿತು. ಆ ಕೊರತೆಯನ್ನು ತುಂಬಲು ಸಂಸತ್ತು ಪ್ರಜಾಪ್ರಾತಿನಿಧ್ಯ ಕಾಯಿದೆಗೆ 61ಎ ಸೆಕ್ಷನ್ ಸೇರಿಸಿತು, ಅದು 1989ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಅಭ್ಯರ್ಥಿಗಳು ಸೋಲು ಗೆಲುವಿನ ಲೆಕ್ಕದಲ್ಲಿದ್ದಾಗ ನ್ಯಾಯಾಲಯ ಬೇರೊಂದು ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರಿಂದಲೇ ಕಾನೂನು ಸರಿಹೋಯಿತು. ಅಲ್ಲಿಂದೀಚೆಗೆ ಪಕ್ಷಗಳ ನಡತೆಯೇನೂ ಬದಲಾಗಿಲ್ಲ. 2009ರ ಲೋಕಸಭಾ ಚುನಾವಣೆಯ ನಂತರ ಇವಿಎಂ ಬಗ್ಗೆ ಗಟ್ಟಿಯಾಗಿ ಸಂಶಯ ಎತ್ತಿದವರಲ್ಲಿ ಬಿಜೆಪಿ ನಾಯಕರಿದ್ದರು. 2017ರಿಂದ ಅದೇ ಮಾತು ವಿರೋಧ ಪಕ್ಷಗಳ ಬಾಯಲ್ಲಿದೆ.

ಸಂಶಯ ಪಡುವುದೇ ವಿಜ್ಞಾನ ವಿರೋಧ ಎಂಬ ನಿನ್ನ ಮಾತು ನನಗೆ ನಿಜಕ್ಕೂ ನೋವುಂಟುಮಾಡಿತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಅವರು ಕೇಳಿದ್ದು ಇಷ್ಟೇ: ಪರೀಕ್ಷಕರು ಒಪ್ಪುವ ನಿಯಂತ್ರಿತ ಸ್ಥಿತಿಯಲ್ಲಿ ತೋರಿಸಿ. ಪರೀಕ್ಷೆಯ ಷರತ್ತುಗಳನ್ನು ಪರೀಕ್ಷೆಗೊಳಗಾಗುವವರೇ ನಿಗದಿಪಡಿಸಿದರೆ ಫಲಿತಾಂಶಕ್ಕೆ ಬೆಲೆ ಕಡಿಮೆ. ಈ ಅಳತೆಗೋಲನ್ನು ಪವಾಡಪುರುಷರಿಗೆ ಹಿಡಿದಂತೆ ನಮಗೆ ಪ್ರಿಯವಾದ ಸಂಸ್ಥೆಗಳಿಗೂ ಹಿಡಿಯಬೇಕು. 2010ರಲ್ಲಿ ಹೈದರಾಬಾದಿನ ಹರಿ ಪ್ರಸಾದ್, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ನೆದರ್‌ಲೆಂಡ್ಸ್‌ನ ರಾಪ್ ಗೊಂಗ್ರೈಪ್ ಸೇರಿದ ತಂಡವೊಂದು ನಿಜವಾದ ಇವಿಎಂ ಒಂದನ್ನು ಬಿಚ್ಚಿ, ಫಲಿತಾಂಶ ತೋರಿಸುವ ಫಲಕದ ಜಾಗದಲ್ಲಿ ಅದನ್ನೇ ಹೋಲುವ ಬೇರೊಂದನ್ನು ಕೂರಿಸಿ, ಮೊಬೈಲಿನಿಂದ ಅಂಕಿಗಳನ್ನು ಬದಲಿಸಿ ತೋರಿಸಿತು. ಯಂತ್ರ ಎಲ್ಲಿಂದ ಬಂತೆಂಬ ಪ್ರಶ್ನೆಯ ಮೇಲೆ ಆ ಆಗಸ್ಟ್‌ನಲ್ಲಿ ಹರಿ ಪ್ರಸಾದರ ಬಂಧನವಾಯಿತು. 2017ರ ಜೂನ್‌ನಲ್ಲಿ ಚುನಾವಣಾ ಆಯೋಗ ಯಂತ್ರವನ್ನು ತಿರುಚಿ ತೋರಿಸಿ ಎಂದು ಪಕ್ಷಗಳಿಗೆ ಬಹಿರಂಗ ಸವಾಲು ಹಾಕಿದಾಗ ಎನ್‌ಸಿಪಿ ಮತ್ತು ಸಿಪಿಎಂ ಮಾತ್ರ ಬಂದವು, ಅವೂ ಸವಾಲನ್ನು ಸ್ವೀಕರಿಸಲಿಲ್ಲ. ನೀನು ಇದನ್ನು ಯಂತ್ರದ ಗೆಲುವೆಂದು ಬರೆದಿದ್ದೀಯ. ಒಳಗಿನ ಸರ್ಕ್ಯೂಟನ್ನು ಬದಲಿಸಲು ಆ ಸವಾಲಿನಲ್ಲಿ ಅನುಮತಿಯಿರಲಿಲ್ಲ ಎಂಬುದನ್ನು ಬರೆದಿಲ್ಲ. ಹಾಗೆಯೇ, ಯಂತ್ರವೊಂದನ್ನು ಬಿಡುವಾಗಿ ಬಿಚ್ಚಿ ಬದಲಿಸಬಹುದು ಎಂದ ಮಾತ್ರಕ್ಕೆ ಮೊಹರು ಹಾಕಿ ಕಾವಲಿನಲ್ಲಿಟ್ಟ ಸಾವಿರಾರು ಯಂತ್ರಗಳನ್ನು ಯಾರ ಕಣ್ಣಿಗೂ ಬೀಳದೆ ಬದಲಿಸಲಾಗಿದೆ ಎಂದಾಗುವುದಿಲ್ಲ. ಇದನ್ನು ಪ್ರಕಾಶ ಒಪ್ಪಲು ಸಿದ್ಧನಿಲ್ಲ.

ಯಂತ್ರವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ, ನಿನ್ನ ವಾದ ಮಾತ್ರ ಹಳೆಯ ಯಂತ್ರದ್ದೇ ಆಗಿ ಉಳಿದಿದೆ. ಮತಗಟ್ಟೆಯಲ್ಲಿ ಯಾವ ಗುಂಡಿ ಯಾವ ಅಭ್ಯರ್ಥಿಯದೆಂದು ಯಂತ್ರಕ್ಕೆ ಗೊತ್ತೇ ಇರುವುದಿಲ್ಲ, ಆದ್ದರಿಂದ ಮೊದಲೇ ಮೋಸ ತುಂಬಿಡಲಾಗದು ಎಂಬುದು ಬಹಳ ಗಟ್ಟಿಯಾದ ವಾದವಾಗಿತ್ತು. ಮತ ಯಾರಿಗೆ ಬಿತ್ತೆಂದು ಕಾಗದದ ಚೀಟಿಯಲ್ಲಿ ಮುದ್ರಿಸಿ ಮತದಾರನಿಗೆ ತೋರಿಸುವ ವಿವಿಪ್ಯಾಟ್ ಬಂದ ಮೇಲೆ ಅದಕ್ಕೆ ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆಗಳನ್ನು ಮತದಾನಕ್ಕೆ ಮುಂಚೆ ತುಂಬಬೇಕಾಗುತ್ತದೆ. ಅದಕ್ಕಾಗಿ ಸಿಂಬಲ್ ಲೋಡಿಂಗ್ ಯೂನಿಟ್ ಎಂಬ ಬೇರೆಯೇ ಉಪಕರಣವಿದೆ. ಐಎಎಸ್‌ನಲ್ಲಿದ್ದ ಕಣ್ಣನ್ ಗೋಪಿನಾಥನ್ 2019ರಲ್ಲಿ ಎತ್ತಿದ್ದು ಇದೇ ಪ್ರಶ್ನೆಯನ್ನು: ಹೆಸರು, ಚಿಹ್ನೆಗಳನ್ನು ಮೊದಲೇ ತುಂಬುವುದಾದರೆ ಆ ಹಳೆಯ ವಾದ ಇನ್ನೂ ನಿಲ್ಲುತ್ತದೆಯೇ? 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಈ ಉಪಕರಣಗಳಿಗೂ ಮೊಹರು ಹಾಕಿ ಫಲಿತಾಂಶದ ನಂತರ 45 ದಿನ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಇಡೀ ಪ್ರಶ್ನೆಯೇ ಮೂರ್ಖತನದ್ದಾಗಿದ್ದರೆ ಆ ಆದೇಶದ ಅಗತ್ಯವೇನಿತ್ತು?

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಲೆಕ್ಕಕ್ಕೆ ಬರುತ್ತೇನೆ. ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್‌ನ ಚೀಟಿ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. 2019ರ ಸುಪ್ರೀಂ ಕೋರ್ಟ್ ಆದೇಶದ ನಂತರ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಯಾದೃಚ್ಛಿಕವಾಗಿ ಆರಿಸಿದ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕಕ್ಕೆ ತಾಳೆ ನೋಡುತ್ತಾರೆ. ಅದಕ್ಕೆ ಮುಂಚೆ ಒಂದೇ ಮತಗಟ್ಟೆಯದನ್ನು ನೋಡುತ್ತಿದ್ದರು. ಐದು ಸಾಕೋ ಸಾಲದೋ ಎಂದು ನೀನು ಮತ್ತು ಪ್ರಕಾಶ ಹೊಡೆದಾಡುತ್ತಿದ್ದೀರಿ, ಆದರೆ ಅದು ನೀವು ಏನನ್ನು ಹಿಡಿಯಬೇಕೆಂದಿದ್ದೀರಿ ಎಂಬುದನ್ನು ಅವಲಂಬಿಸಿದೆ. ಕರ್ನಾಟಕದ 224 ಕ್ಷೇತ್ರಗಳಲ್ಲಿ ತಲಾ ಐದೆಂದರೆ 1,120 ಯಂತ್ರಗಳು. ರಾಜ್ಯದಾದ್ಯಂತ ನೂರಕ್ಕೆ ಒಂದು ಯಂತ್ರವನ್ನು ಯಾರಾದರೂ ಕೆಡಿಸಿದ್ದಾರೆಂದು ಇಟ್ಟುಕೋ. ಅವುಗಳಲ್ಲಿ ಒಂದೂ ಈ 1,120ರೊಳಗೆ ಸಿಕ್ಕಿಬೀಳದಿರುವ ಸಾಧ್ಯತೆ ಲಕ್ಷಕ್ಕೆ ಒಂದರ ಆಸುಪಾಸಿನಲ್ಲಿರುತ್ತದೆ. ಅಂದರೆ ಇಡೀ ರಾಜ್ಯದ ಚುನಾವಣೆಯನ್ನು ಯಂತ್ರದ ಮೂಲಕ ಕದ್ದರು ಎಂಬ ಪ್ರಕಾಶನ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಈ ತಾಳೆಯಲ್ಲಿ ನಾಲ್ಕು ಕೋಟಿಗೂ ಹೆಚ್ಚು ಚೀಟಿಗಳನ್ನು ಎಣಿಸಿದ್ದು, ಒಬ್ಬ ಅಭ್ಯರ್ಥಿಯ ಮತ ಇನ್ನೊಬ್ಬನಿಗೆ ಹೋದ ಉದಾಹರಣೆಯಿಲ್ಲ ಎಂಬುದು ಆಯೋಗದ ನಿಲುವು. ಅದು ಗಂಭೀರವಾದ ಪುರಾವೆ.

ಆದರೆ 250 ಮತಗಟ್ಟೆಗಳಿರುವ ಒಂದೇ ಒಂದು ಕ್ಷೇತ್ರದಲ್ಲಿ ಹತ್ತು ಯಂತ್ರಗಳು ಮಾತ್ರ ಕೆಟ್ಟಿದ್ದರೆ? ಐದನ್ನು ಪರೀಕ್ಷಿಸಿದಾಗ ಅವುಗಳಲ್ಲೊಂದು ಸಿಕ್ಕಿಬೀಳುವ ಸಾಧ್ಯತೆ ನೂರಕ್ಕೆ ಸುಮಾರು 19 ಮಾತ್ರ. ನೂರಕ್ಕೆ 99ರಷ್ಟು ಭರವಸೆ ಬೇಕೆಂದರೆ ಸುಮಾರು 90 ಯಂತ್ರಗಳ ಚೀಟಿ ಎಣಿಸಬೇಕಾಗುತ್ತದೆ. ಗೆಲುವಿನ ಅಂತರ ಐವತ್ತು ಸಾವಿರವಿರುವಲ್ಲಿ ಹತ್ತು ಯಂತ್ರಗಳಿಂದ ಏನೂ ಆಗದು. ಅಂತರ ಚಿಕ್ಕದಾಗಿರುವಲ್ಲಿ ಎಲ್ಲವೂ ಆಗಬಹುದು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ, 2023ರಲ್ಲಿ ಜಯನಗರದ ಅಂತರ 16 ಮತ. ಅಲ್ಲೇನೋ ಯಂತ್ರದ ಮೋಸವಾಯಿತೆಂದು ನಾನು ಹೇಳುತ್ತಿಲ್ಲ, ಜಯನಗರದ ತಕರಾರು ಕಾಗದದ ಅಂಚೆ ಮತಗಳದಾಗಿತ್ತು. ಅಂತರ ಕಿರಿದಾದಷ್ಟೂ ಹೆಚ್ಚು ಚೀಟಿಗಳನ್ನು ಎಣಿಸುವ ನಿಯಮವೊಂದು ನಮ್ಮಲ್ಲಿ ಇರಬೇಕಿತ್ತು ಎಂಬುದೇ ನನ್ನ ವಾದ. ಎಲ್ಲ ಕ್ಷೇತ್ರಗಳಿಗೂ ಐದೇ ಎಂಬ ಸಂಖ್ಯೆ ಆಡಳಿತಕ್ಕೆ ಅನುಕೂಲ. ಸಂಖ್ಯಾಶಾಸ್ತ್ರದಲ್ಲಿ ಅದಕ್ಕೆ ಆಧಾರ ನನಗೆ ಕಾಣುತ್ತಿಲ್ಲ.

ಕಾನೂನಿನ ವಿಷಯದಲ್ಲಿ ತೀರ್ಪನ್ನು ಪಾಲಿಸುವುದು ಬೇರೆ, ಅದರೊಂದಿಗೆ ಚರ್ಚೆ ಮುಗಿಯಿತೆನ್ನುವುದು ಬೇರೆ. 2013ರಲ್ಲಿ ಕಾಗದದ ದಾಖಲೆಯನ್ನು ಮುಕ್ತ ಚುನಾವಣೆಗೆ ಅತ್ಯಗತ್ಯವೆಂದು ಹೇಳಿದ್ದು ಇದೇ ಸುಪ್ರೀಂ ಕೋರ್ಟ್. ಅದಕ್ಕೂ ಮುಂಚೆ ಕಾಗದ ಬೇಡವೇ ಬೇಡ ಎನ್ನುತ್ತಿದ್ದವರೂ ಈಗ ಅದೇ ಕಾಗದವನ್ನು ತೋರಿಸಿ ಯಂತ್ರವನ್ನು ಸಮರ್ಥಿಸುತ್ತಾರೆ. 2024ರ ತೀರ್ಪು ಎಲ್ಲ ಚೀಟಿಗಳ ಎಣಿಕೆಯನ್ನು ನಿರಾಕರಿಸಿತು, ಕುರುಡು ಅಪನಂಬಿಕೆ ಅನಗತ್ಯ ಸಂಶಯವನ್ನು ಹುಟ್ಟಿಸುತ್ತದೆ ಎಂದು ನ್ಯಾಯಮೂರ್ತಿ ದೀಪಂಕರ್ ದತ್ತಾ ಎಚ್ಚರಿಸಿದರು. ಅದೇ ತೀರ್ಪು ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದವರು ಕೇಳಿದರೆ ಶೇಕಡ 5ರಷ್ಟು ಯಂತ್ರಗಳ ಮೈಕ್ರೋಕಂಟ್ರೋಲರ್ (ಯಂತ್ರವನ್ನು ನಡೆಸುವ ಒಳಗಿನ ಚಿಪ್) ಪರಿಶೀಲನೆಗೆ ಅವಕಾಶ ಕೊಟ್ಟಿತು. ಆ ಪರಿಶೀಲನೆಯ ವೇಳೆ ಯಂತ್ರದಲ್ಲಿನ ಮತಗಳ ದತ್ತಾಂಶವನ್ನು ಅಳಿಸಬೇಡಿ ಎಂದು 2025ರ ಫೆಬ್ರುವರಿಯಲ್ಲಿ ನ್ಯಾಯಾಲಯವೇ ಆಯೋಗಕ್ಕೆ ಹೇಳಬೇಕಾಯಿತು.

ನನ್ನನ್ನು ಬಹಳ ಕಾಡುವುದು ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರ ಮಾರ್ಚ್ 3ರಂದು ಕೊಟ್ಟ ತೀರ್ಪು. 2005ರ ಚುನಾವಣೆಯಲ್ಲಿ ಬಳಸಿದ ಮತಯಂತ್ರಗಳಲ್ಲಿ ಮೋಸವಾಗಿದೆ ಎಂಬುದಕ್ಕೆ ಪುರಾವೆಯಿರಲಿಲ್ಲ, ಆದ್ದರಿಂದ ನ್ಯಾಯಾಲಯ ಆ ಚುನಾವಣೆಯನ್ನು ರದ್ದುಪಡಿಸಲಿಲ್ಲ. ಆದರೂ ವಿಶೇಷ ತಾಂತ್ರಿಕ ಜ್ಞಾನವಿಲ್ಲದ ನಾಗರಿಕನೂ ಮತದಾನ ಮತ್ತು ಎಣಿಕೆಯ ಮುಖ್ಯ ಹಂತಗಳನ್ನು ತಾನೇ ಪರೀಕ್ಷಿಸಿ ನೋಡುವಂತಿರಬೇಕು, ಆ ಯಂತ್ರಗಳು ಹಾಗಿರಲಿಲ್ಲ, ಆದ್ದರಿಂದ ಅವುಗಳ ಬಳಕೆ ಸಂವಿಧಾನಬಾಹಿರ ಎಂದಿತು. ನಮ್ಮ ಯಂತ್ರಕ್ಕೆ ಕಾಗದದ ಚೀಟಿಯಿದೆ, ಅವುಗಳಿಗಿರಲಿಲ್ಲ. ಹಾಗಾಗಿ ಆ ತೀರ್ಪನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಮತದಾರ ಮೋಸವನ್ನು ಸಾಬೀತುಪಡಿಸಬೇಕಿಲ್ಲ, ವ್ಯವಸ್ಥೆಯೇ ಅವನ ಪರೀಕ್ಷೆಗೆ ಸಿಗುವಂತಿರಬೇಕು ಎಂದು ಅದರಿಂದ ಹೊರಡುವ ಉತ್ತರವನ್ನು, ಅಂದರೆ ಪುರಾವೆ ತರುವ ಹೊಣೆ ಯಾರದು ಎಂಬುದನ್ನು, ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನಮ್ಮಲ್ಲಿ ಆ ಹೊಣೆ ಎಷ್ಟರಮಟ್ಟಿಗೆ ತಿರುಗುಮುರುಗಾಗಿದೆ ನೋಡು. ಚುನಾವಣಾ ನಡವಳಿ ನಿಯಮಗಳ 49ಎಂಎ ಪ್ರಕಾರ, ಚೀಟಿಯಲ್ಲಿ ಬೇರೆ ಹೆಸರು ಬಂತೆಂದು ಮತದಾರ ದೂರಿದರೆ ಲಿಖಿತ ಘೋಷಣೆ ಕೊಟ್ಟು, ಏಜೆಂಟರ ಎದುರು ಪರೀಕ್ಷಾರ್ಥ ಮತ ಹಾಕಬೇಕು. ಆಗ ಸರಿಯಾದ ಹೆಸರು ಬಂದರೆ ಸುಳ್ಳು ಘೋಷಣೆಗಾಗಿ ಅವನ ಮೇಲೆಯೇ ಮೊಕದ್ದಮೆ ಹೂಡಬಹುದು, ಹಳೆಯ ದಂಡ ಸಂಹಿತೆಯ 177ನೇ ಸೆಕ್ಷನ್ ಅಡಿ ಅದಕ್ಕೆ ಆರು ತಿಂಗಳವರೆಗೆ ಸಜೆಯಿತ್ತು. ಒಮ್ಮೆ ತಪ್ಪಿ ಮತ್ತೊಮ್ಮೆ ಸರಿಯಾಗುವ ದೋಷಗಳು ನಿನ್ನ ವೃತ್ತಿಯಲ್ಲಿ ನೀನು ದಿನವೂ ನೋಡುವಂಥವು. ಎರಡನೆಯ ಮತ ಸರಿಯಾಗಿ ಬಂದದ್ದರಿಂದ ಮೊದಲನೆಯದೂ ಸರಿಯಾಗಿತ್ತು ಎಂದು ನಿನ್ನ ಪ್ರಯೋಗಾಲಯದಲ್ಲಿ ಯಾರಾದರೂ ವರದಿ ಬರೆದರೆ ನೀನು ಸಹಿ ಹಾಕುತ್ತೀಯಾ? ದೂರುಗಳೇ ಬಹಳ ಕಡಿಮೆ ಎಂಬ ಅಂಕಿಯನ್ನು ಯಂತ್ರದ ಯೋಗ್ಯತೆಗೆ ಸಾಕ್ಷಿಯಾಗಿ ಎತ್ತಿ ತೋರಿಸುವ ಮೊದಲು, ದೂರು ಕೊಟ್ಟವನಿಗೆ ಸಜೆಯ ಭಯವಿದೆ ಎಂಬುದನ್ನೂ ಹೇಳಬೇಕಲ್ಲವೇ?

ಮತಪತ್ರಕ್ಕೇ ಮರಳೋಣ ಎನ್ನುವ ಪ್ರಕಾಶನಿಗೂ ನಾನು ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಪತ್ರದಲ್ಲಿ ನಡೆಸಲು ನಮ್ಮ ರಾಜ್ಯ ಸಚಿವ ಸಂಪುಟ 2025ರಲ್ಲಿ ಶಿಫಾರಸು ಮಾಡಿದ ದಿನದಿಂದ ಅವನ ಉತ್ಸಾಹ ಹೆಚ್ಚಾಗಿದೆ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ 456 ಅಭ್ಯರ್ಥಿಗಳು ನಿಂತಿದ್ದಾಗ ಮತಪತ್ರ ಎಷ್ಟುದ್ದ ಬೇಕಾಗಿತ್ತೆಂಬುದನ್ನೂ, ಮುದ್ರೆ ಗೆರೆಯ ಮೇಲೆ ಬಿದ್ದು ತಿರಸ್ಕೃತವಾಗುತ್ತಿದ್ದ ಮತಗಳನ್ನೂ, ಮತಗಟ್ಟೆ ವಶಪಡಿಸಿಕೊಳ್ಳುತ್ತಿದ್ದ ಕಾಲವನ್ನೂ ಅವನು ಮರೆತಿದ್ದಾನೆ. ಕಾಗದವನ್ನು ನಂಬುವುದಕ್ಕೂ ಪರಿಶೀಲನೆ ಬೇಕು.

ನಿನ್ನಿಂದ ನನಗೆ ಎರಡು ವಿಷಯಗಳಲ್ಲಿ ಎಂಜಿನಿಯರನ ಉತ್ತರ ಬೇಕಾಗಿದೆ. ಚೀಟಿಗಳನ್ನು ಯಂತ್ರದಿಂದಲೇ ಎಣಿಸಬಹುದೇ, ಚಿಹ್ನೆಯ ಜೊತೆಗೆ ಪ್ರತಿ ಪಕ್ಷಕ್ಕೊಂದು ಬಾರ್‌ಕೋಡ್ ಹಾಕಬಹುದೇ ಎಂದು ಪರಿಶೀಲಿಸುವಂತೆ 2024ರ ತೀರ್ಪು ಆಯೋಗಕ್ಕೆ ಸೂಚಿಸಿದೆ. ಹಾಗೆ ಮಾಡಿದರೆ ಮತದಾರ ಓದಿದ್ದು ಹೆಸರು, ಯಂತ್ರ ಓದುವುದು ಬಾರ್‌ಕೋಡ್ ಎಂದಾಗಿ, ಅವೆರಡೂ ಒಂದೇ ಎಂಬುದನ್ನು ಮತ್ತೆ ಪರೀಕ್ಷಿಸಬೇಕಾಗುವುದಿಲ್ಲವೇ? ಎರಡನೆಯದಾಗಿ, ಅಂತರವನ್ನು ನೋಡಿ ಎಣಿಕೆಯ ಪ್ರಮಾಣವನ್ನು ನಿಗದಿಪಡಿಸುವ ಸೂತ್ರವನ್ನು ಎಣಿಕೆ ಕೇಂದ್ರದ ಸಿಬ್ಬಂದಿ ಅದೇ ದಿನ ಬಳಸುವಷ್ಟು ಸರಳವಾಗಿ ರೂಪಿಸಲು ಸಾಧ್ಯವೇ? ಮೇಲಿನ ಲೆಕ್ಕವನ್ನೂ ಒಮ್ಮೆ ತಾಳೆ ನೋಡಿ ಬರೆ.

ಇಂತಿ ನಿನ್ನ ಪ್ರೀತಿಯ ಗೆಳೆಯ,
ವೆಂಕಟೇಶ