ವಾಸ್ತು ಕೇಳಿದೆವು, ಬೆಂಕಿ ಕೇಳಲಿಲ್ಲ

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದಲ್ಲಿ ಮನೆ ಕಟ್ಟಿಸುತ್ತಿರುವವರು, ಇಲ್ಲವೇ ಅಲ್ಲಿರುವ ಮಕ್ಕಳಿಗೆ ಊರಿಂದಲೇ ದುಡ್ಡು, ಸಲಹೆ ಎರಡೂ ಕಳಿಸುತ್ತಿರುವವರು ನಿಮ್ಮ ಓದುಗರಲ್ಲಿ ಕಡಿಮೆಯೇನಿಲ್ಲ. ನಾವು ಮಾಡಿಕೊಂಡ ಎಡವಟ್ಟು ಅವರಿಗಾದರೂ ತಪ್ಪಲಿ ಅಂತ ಈ ಪತ್ರ.

ಸಿಡ್ನಿಯ ಪಶ್ಚಿಮಕ್ಕೆ, ಬ್ಲೂ ಮೌಂಟನ್ಸ್ ಕಡೆ ಒಂದು ಸೈಟು ಕೊಂಡೆವು. ಹಿಂದುಗಡೆ ಇಳಿಜಾರು, ಕೆಳಗೆ ಕಣಿವೆ ತುಂಬಾ ನೀಲಗಿರಿ ಮರಗಳು. ನಮ್ಮೂರಲ್ಲಿ ಬೈಯುತ್ತಿದ್ದ ಅದೇ ನೀಲಗಿರಿ, ಇಲ್ಲಿ ಅದರ ತವರಲ್ಲಿ ನೋಡಿದರೆ ಎಷ್ಟು ಚಂದ! ಕೊಳ್ಳುವ ಮುಂಚೆ ಮೈಸೂರಿನ ವಾಸ್ತುವಿನವರಿಗೆ ವಾಟ್ಸ್ಯಾಪ್‌ನಲ್ಲಿ ಫೋಟೋ ಕಳಿಸಿ ಒಪ್ಪಿಗೆ ಪಡೆದೆವು. ಬೆಂಕಿ ಬಗ್ಗೆ ಮಾತ್ರ ಯಾರನ್ನೂ ಕೇಳಲಿಲ್ಲ. ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. 2013ರ ಅಕ್ಟೋಬರ್‌ನಲ್ಲಿ ಇದೇ ಬೆಟ್ಟದ ಸಾಲಿನ ವಿನ್ಮಲೀ ಕಡೆ ಸುಮಾರು 200 ಮನೆ ಸುಟ್ಟು ಹೋಗಿದ್ದವು. ಕ್ರಯದ ಕಾಗದಗಳ ಜೊತೆ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಕೊಡುವ 10.7 ಪ್ರಮಾಣಪತ್ರ ಅಂತ ಒಂದಿರುತ್ತದೆ, ಜಾಗ ಕಾಳ್ಗಿಚ್ಚಿನ ವಲಯದಲ್ಲಿದೆಯೋ ಇಲ್ಲವೋ ಅಂತ ಅದರಲ್ಲೇ ಬರೆದಿರುತ್ತದೆ. ನಮ್ಮದರಲ್ಲೂ ಇತ್ತು. ಓದಲಿಲ್ಲ, ಅಷ್ಟೇ.

ಡಿಸೈನರ್ ಹತ್ತಿರ ನಕ್ಷೆ ಮಾಡಿಸಿದೆವು. ಹಿಂದೆ ಮರದ ಜಗಲಿ, ಕಣಿವೆ ಕಾಣುವ ಹಾಗೆ ನೆಲದಿಂದ ಸೂರಿನವರೆಗೆ ಗಾಜು. ಅರ್ಜಿ ಹಾಕಿದ ಮೇಲೆ ಕೌನ್ಸಿಲ್‌ನವರು ಬೆಂಕಿ ಅಪಾಯದ ವರದಿ ಎಲ್ಲಿ ಅಂತ ಕೇಳಿದರು. ಆಗ ಓಡಿ ಹೋಗಿ ಒಬ್ಬ ಬುಷ್‌ಫೈರ್ ಕನ್ಸಲ್ಟೆಂಟ್, ಅಂದರೆ ಕಾಳ್ಗಿಚ್ಚಿನ ಅಪಾಯ ಅಳೆದು ಹೇಳುವವರನ್ನು ಹುಡುಕಿದೆವು.

ಅವರು ಬಂದವರೇ ನಮ್ಮ ಸೈಟನ್ನು ಸರಿಯಾಗಿ ನೋಡಲೂ ಇಲ್ಲ, ನೇರ ಕಣಿವೆಗೆ ಇಳಿದರು. ಯಾಕೆ ಅಂದರೆ ಲೆಕ್ಕಕ್ಕೆ ಬರುವುದು ಮನೆ ಕೆಳಗಿನ ಇಳಿಜಾರಲ್ಲ, ಮರಗಳು ನಿಂತಿರುವ ಜಾಗದ ಇಳಿಜಾರು. ಬೆಂಕಿ ಏರು ಹತ್ತುವಾಗ ಜೋರಾಗುತ್ತದೆ, ಏರು 10 ಡಿಗ್ರಿ ಜಾಸ್ತಿಯಾದರೆ ವೇಗ ಹೆಚ್ಚುಕಡಿಮೆ ಇಮ್ಮಡಿ. ಸುತ್ತ 140 ಮೀಟರ್‌ವರೆಗೆ ಎಂಥ ಗಿಡಮರ ಇದೆ, ಕಾಡೋ ಕುರುಚಲೋ ಹುಲ್ಲೋ, ಮನೆಗೂ ಅದಕ್ಕೂ ಎಷ್ಟು ದೂರ, ಎಲ್ಲ ಅಳೆದು ಬಿಎಎಲ್ (ಬುಷ್‌ಫೈರ್ ಅಟ್ಯಾಕ್ ಲೆವೆಲ್, ಕಾಳ್ಗಿಚ್ಚಿನ ದಾಳಿಯ ಮಟ್ಟ) ಅಂತ ಒಂದು ಅಂಕಿ ಹೇಳುತ್ತಾರೆ. 12.5, 19, 29, 40, ಅದರ ಮೇಲೆ ಜ್ವಾಲೆಯೇ ಮುಟ್ಟುವ ಫ್ಲೇಮ್ ಝೋನ್. ಒಂದು ಚದರ ಮೀಟರ್‌ಗೆ ಎಷ್ಟು ಕಿಲೋವ್ಯಾಟ್ ಕಾವು ಬಡಿಯಬಹುದು ಅನ್ನುವ ಲೆಕ್ಕ ಅದು. ಗಾಜು, ಬಾಗಿಲು, ಗೋಡೆ, ಜಗಲಿ ಎಲ್ಲ ಯಾವ ತರಹದ್ದಿರಬೇಕು ಅಂತ ಎಎಸ್ 3959 ಎಂಬ ಮಾನದಂಡ ಈ ಅಂಕಿ ಹಿಡಿದೇ ಹೇಳುತ್ತದೆ.

ನಮ್ಮದು 40 ಬಂತು. ಮರದ ಜಗಲಿ ಹೋಯಿತು, ಗಾಜಿನ ಕನಸೂ ಅರ್ಧ ಹೋಯಿತು, ಉಳಿದ ಗಾಜಿನ ಬೆಲೆ ಕೇಳಿ ನನ್ನ ಹೆಂಡತಿ ಒಂದು ದಿನ ಮಾತೇ ಆಡಲಿಲ್ಲ. ಆಮೇಲೆ ಕನ್ಸಲ್ಟೆಂಟ್ ಸುಮ್ನೆ ಹೇಳಿದ ಹಾಗೆ ಒಂದು ಮಾತು ಹೇಳಿದರು: ‘ಇದೇ ಮನೆಯನ್ನು ರಸ್ತೆ ಕಡೆಗೆ ಆರು ಮೀಟರ್ ಸರಿಸಿದ್ದರೆ 29 ಆಗುತ್ತಿತ್ತು.’

ಆರು ಮೀಟರ್! ನಕ್ಷೆ ಬರೆಯುವ ಮುಂಚೆ ಕರೆದಿದ್ದರೆ ಒಂದು ಮಧ್ಯಾಹ್ನದ ಕೆಲಸ. ಈಗ ನಕ್ಷೆ, ಪಾಯದ ಲೆಕ್ಕ, ಅರ್ಜಿ ಎಲ್ಲ ಮತ್ತೆ ಮೊದಲಿಂದ. ಐದು ತಿಂಗಳು ಹೋಯಿತು. ಅವರಿಗೆ ಕೊಟ್ಟ ಫೀಸು ನಮ್ಮ ಅಡುಗೆಮನೆ ಕಟ್ಟೆಕಲ್ಲಿನ ಖರ್ಚಿನ ಕಾಲು ಭಾಗವೂ ಇರಲಿಲ್ಲ. ನನ್ನ ಕೇಳಿದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಅವರನ್ನು ಸೈಟಿಗೆ ಕರೆದುಕೊಂಡು ಹೋಗಬೇಕು. ವಾಸ್ತುವಿನವರು ಬೇಕಾದರೆ ಆಮೇಲೆ ಬರಲಿ.

ಯಾರನ್ನು ಕರೆಯಬೇಕು? ಅಲ್ಲಿನ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ಇಂಥ ಕನ್ಸಲ್ಟೆಂಟ್‌ಗಳಿಗೆ ಬಿಪಿಎಡಿ ಅಂತ ಮಾನ್ಯತೆ ಕೊಡುತ್ತದೆ, ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ. ಅದರಲ್ಲಿ ಮೂರು ಹಂತ, ನಿಮ್ಮ ಜಾಗಕ್ಕೆ ಯಾವುದು ಬೇಕು ಅಂತ ಕೇಳಿಕೊಳ್ಳಿ. ನಮ್ಮವರೇ ಒಬ್ಬರು, ‘ಅಂಕಿ ಸ್ವಲ್ಪ ಕಡಿಮೆ ಬರೆದುಕೊಡುವವರು ಇದ್ದಾರಾ ನೋಡಿ’ ಅಂದರು. ಬೆಂಕಿ ಆ ವರದಿ ಓದಿಕೊಂಡು ಬರುತ್ತದಾ? 2009ರ ಫೆಬ್ರವರಿ 7ರಂದು ವಿಕ್ಟೋರಿಯಾದಲ್ಲಿ ಕಾಳ್ಗಿಚ್ಚಿಗೆ 173 ಜನ ಸತ್ತರು. ಅದಾದ ಮರುತಿಂಗಳೇ ಎಎಸ್ 3959 ಮಾನದಂಡದ ಬಿಗಿಯಾದ ಹೊಸ ಆವೃತ್ತಿ ಬಂತು.

ಇನ್ನೊಂದು ವಿಷಯ, ನಮಗೆ ಗೊತ್ತೇ ಇರಲಿಲ್ಲ. ಮನೆಗಳು ಜಾಸ್ತಿ ಸುಡುವುದು ಜ್ವಾಲೆಯಿಂದಲ್ಲ, ಹಾರಿ ಬರುವ ಕಿಡಿಗಳಿಂದ. ಹಂಚಿನ ಸಂದು, ಸೂರಿನ ಮಳೆನೀರಿನ ದೋಣಿಯಲ್ಲಿ ಬಿದ್ದ ತರಗೆಲೆ, ಗಾಳಿ ಕಿಂಡಿ, ಎಲ್ಲೋ ಒಂದು ಕಡೆ ಕೂತು ಬೆಂಕಿ ಮುಂದೆ ಹೋದ ಮೇಲೂ ಹೊತ್ತಿಕೊಳ್ಳುತ್ತದೆ. ಅದಕ್ಕೇ ಕಿಂಡಿಗಳಿಗೆಲ್ಲ 2 ಮಿಲಿಮೀಟರ್‌ಗಿಂತ ದೊಡ್ಡ ತೂತಿಲ್ಲದ ಲೋಹದ ಜಾಲರಿ. ನಾವು ಸೊಳ್ಳೆಗೆ ಅಂತ ಪ್ಲಾಸ್ಟಿಕ್ ಜಾಲರಿ ಹಾಕಿಸುವವರಿದ್ದೆವು.

ಈಗ ಮನೆ ಮುಂದೆ ಸರಿದಿದೆ, ಪಾಯ ಎದ್ದಿದೆ. ಹಿಂದೆ ಖಾಲಿ ಉಳಿದ ಜಾಗದಲ್ಲಿ ಗಿಡ್ಡವಾಗಿ ಕತ್ತರಿಸಿದ ಹುಲ್ಲು ಮಾತ್ರ. ಅಲ್ಲಿ ಗೋಡೆಗೆ ಒರಗಿಸಿ ಮಲ್ಲಿಗೆ ಚಪ್ಪರ ಹಾಕೋಣ ಅಂತ ಅತ್ತೆಯ ಆಸೆ. ಈ ಸಲ ಮೊದಲೇ ಕನ್ಸಲ್ಟೆಂಟ್‌ಗೆ ಫೋನ್ ಮಾಡಿ ಕೇಳಿದೆ. ಕುಂಡದಲ್ಲಿ ಇಟ್ಟುಕೊಳ್ಳಿ, ಗೋಡೆಯಿಂದ ದೂರ ಇಡಿ ಅಂದರು.

ಇತಿ,
ಒಬ್ಬ ಓದುಗ, ನ್ಯೂ ಸೌತ್ ವೇಲ್ಸ್